ಮಹಾವೀರಾಚಾರ್ಯನ ಲೆಕ್ಕಗಳು

ಮಾನ್ಯಖೇಟದ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ನೃಪತುಂಗನೂ ಕವಿರಾಜಮಾರ್ಗವೂ ನೆನಪಿಗೆ ಬರುವುವು. ಇದು ಸಹಜವೇ ಸರಿ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನವಾದ ಗ್ರಂಥವು ಆ ರಾಷ್ಟ್ರಕೂಟ ಚಕ್ರವರ್ತಿಯ ಆಸ್ಥಾನದಲ್ಲಿ ಹುಟ್ಟಿದುದಷ್ಟೆ. ಆದರೆ ಅದೇ ಕಾಲದಲ್ಲಿ, ಅದೇ ದೊರೆಯನ್ನು ಮೊದಲಲ್ಲಿ ಸ್ತುತಿಸಿ, ಇನ್ನೊಂದು ಗ್ರಂಥವೂ ಹುಟ್ಟಿತೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿರುವರು. ಒಂದು ಕವಿಗಳಿಗೆ ಮಾರ್ಗವನ್ನು ತೋರಿಸಿತು. ಇನ್ನೊಂದು ಲೆಕ್ಕ ಮಾಡುವವರಿಗೆ ಮಾರ್ಗವನ್ನು ತೋರಿಸಿತು. ಈ ಎರಡನೆಯದೇ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಕ್ರಿ. ಶ. 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಇದು ಸಂಸ್ಕೃತ ಶ್ಲೋಕಗಳಲ್ಲಿ ರಚಿತವಾಯಿತು.

ಈ ಆಚಾರ್ಯನ ಹೆಸರನ್ನು ಬಲ್ಲವರು ಅವನನ್ನು ಹೊಗಳದೆ ಬಿಡುವುದಿಲ್ಲ. ಇಂದಿನ ಶಾಲೆಗಳಲ್ಲಿ ಕಲಿಸುವ ಬೀಜಗಣಿತ, ರೇಖಾಗಣಿತಗಳೆಲ್ಲ ಅವನಿಗೆ ತಿಳಿದಿದ್ದುವೆಂದೂ, ಸಂಭವನೀಯತೆಯ ಗಣಿತಕ್ಕೂ ಅವನೇ ಬುನಾದಿ ಹಾಕಿದನೆಂದೂ ಸಭೆಗಳಲ್ಲಿ ಹೇಳುವುದುಂಟು. ಕೇಳಿದವರು ಕೈ ತಟ್ಟಿ ಮನೆಗೆ ಹೋಗುವುದೂ ಉಂಟು. ಆದರೆ ಮನೆಗೆ ಹೋದ ಮೇಲೆ ಕಾಗದವನ್ನೂ ಲೇಖನಿಯನ್ನೂ ಹಿಡಿದು ಅವನ ಒಂದು ಲೆಕ್ಕವನ್ನಾದರೂ ಬಿಡಿಸಿ ನೋಡುವವರು ವಿರಳ. ಗಣಿತದ ಆಚಾರ್ಯನಿಗೆ ಸಲ್ಲತಕ್ಕ ಗೌರವವು ಇದೇ ಏನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅವನ ಕೆಲವು ಲೆಕ್ಕಗಳನ್ನು ವಾಚಕರೊಡನೆ ಕುಳಿತು ಮಾಡಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ. ಹಿರಿಯ ತರಗತಿಯಲ್ಲಿ ಓದುವ ಮಗನೋ ಮಗಳೋ ಇರುವ ಮನೆಯಲ್ಲಿ ಇವುಗಳನ್ನು ಮಾಡಲು ಕಷ್ಟವೇನೂ ಇಲ್ಲ.

ಮೊದಲು ಗ್ರಂಥದ ವಿಷಯವಾಗಿ ಎರಡು ಮಾತು. ಇದರಲ್ಲಿ ಒಂಬತ್ತು ಅಧ್ಯಾಯಗಳಿವೆ. ಸಂಜ್ಞೆಗಳು, ಪರಿಕರ್ಮಗಳು, ಭಿನ್ನರಾಶಿಗಳು, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯೆ ಎಂಬ ಕ್ರಮದಲ್ಲಿ ವಿಷಯವು ನಡೆಯುತ್ತದೆ. ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರು ಜ್ಯೋತಿಷದ ಗ್ರಂಥಗಳಲ್ಲಿ ಒಂದೆರಡು ಅಧ್ಯಾಯಗಳಾಗಿ ಹೇಳಿದ ಗಣಿತವನ್ನು ಇವನು ಜ್ಯೋತಿಷದಿಂದ ಬೇರ್ಪಡಿಸಿ, ಅದಕ್ಕೇ ಮೀಸಲಾದ ಪುಸ್ತಕವನ್ನು ಬರೆದನು. ಪ್ರತಿಯೊಂದು ವಿಷಯಕ್ಕೂ ಮೊದಲು ಸೂತ್ರ, ಆಮೇಲೆ ‘ಉದ್ದೇಶಕ’ವೆಂಬ ಉದಾಹರಣೆಗಳು. ಸೂತ್ರವು ಏಕೆ ಸರಿಯೆಂಬ ಉಪಪತ್ತಿಯನ್ನು ಶ್ಲೋಕದಲ್ಲಿ ಕೊಡುವುದಿಲ್ಲ. ಅದು ಗುರುಮುಖದಿಂದ ತಿಳಿಯಬೇಕಾದುದು, ಇಲ್ಲವೆ ಶಿಷ್ಯನು ತಾನೇ ಕಂಡುಕೊಳ್ಳಬೇಕಾದುದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದುವನ್ನು ಕನ್ನಡದಲ್ಲಿ ಬರೆದು, ಲೆಕ್ಕವನ್ನು ನಮ್ಮ ನುಡಿಯಲ್ಲಿಯೇ ಕಲಿಯುವಂತೆ ಮಾಡಿದನು. ಮಹಾವೀರನ ಮೂಲವು 1912ರಲ್ಲಿ ರಂಗಾಚಾರ್ಯರಿಂದ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊರಬಂದಿತು. ಆದುದರಿಂದ ಪುಸ್ತಕವು ಸಿಕ್ಕುವುದಿಲ್ಲವೆಂಬ ನೆಪವು ಈಗ ನಮಗಿಲ್ಲ.

ಬೀಜಗಣಿತದಿಂದ ಪ್ರಾರಂಭಿಸೋಣ. ಒಂದು ಒಂಟೆಗಳ ಹಿಂಡಿನಲ್ಲಿ ನಾಲ್ಕನೆಯ ಒಂದು ಭಾಗ ಕಾಡಿನಲ್ಲಿ ಕಂಡುಬಂದಿತು. ಇಡೀ ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿದ್ದಿತು. ಉಳಿದ ಹದಿನೈದು ಒಂಟೆಗಳು ಹೊಳೆಯ ದಡದಲ್ಲಿದ್ದುವು. ಹಿಂಡಿನಲ್ಲಿ ಒಟ್ಟು ಎಷ್ಟು? ಇದು ಆಚಾರ್ಯನ ಪ್ರಶ್ನೆಯ ಸಾರಾಂಶ.

ಇಲ್ಲಿ ಹಿಂಡನ್ನೇ ಅವ್ಯಕ್ತವೆಂದು ಹಿಡಿದರೆ ವರ್ಗಮೂಲವು ತೊಡಕಾಗುತ್ತದೆ. ಆದುದರಿಂದ ಹಿಂಡಿನ ವರ್ಗಮೂಲವನ್ನೇ ಅವ್ಯಕ್ತವೆಂದು ಹಿಡಿಯತಕ್ಕದ್ದು. ಹಿಂಡಿನ ಕಾಲುಭಾಗ ಕಾಡಿನಲ್ಲಿರುವುದರಿಂದ, ಮಿಕ್ಕ ಮುಕ್ಕಾಲು ಭಾಗವು ಮೂಲದ ಎರಡರಷ್ಟಕ್ಕೆ 15ನ್ನು ಕೂಡಿಸಿದುದಕ್ಕೆ ಸಮ. ಎರಡು ಕಡೆಯನ್ನೂ 4ರಿಂದ ಗುಣಿಸಿದರೆ, ವರ್ಗದ ಮೂರರಷ್ಟು ಮೂಲದ ಎಂಟರಷ್ಟಕ್ಕೆ 60ನ್ನು ಕೂಡಿಸಿದಂತಾಗುವುದು. ಮತ್ತೆ 3ರಿಂದ ಗುಣಿಸಿ, ಮೂಲದ ಮೂರರಷ್ಟನ್ನೇ ಒಂದು ರಾಶಿಯೆಂದು ಎಣಿಸಿದರೆ, ಆ ರಾಶಿಯ ವರ್ಗವು ಅದೇ ರಾಶಿಯ ಎಂಟರಷ್ಟಕ್ಕೆ 180ನ್ನು ಕೂಡಿಸಿದುದಕ್ಕೆ ಸಮವಾಗುವುದು. ರಾಶಿಯಿಂದ 4ನ್ನು ಕಳೆದು ವರ್ಗಿಸಿದರೆ 196 ಬರುವುದು. ಅದರ ಮೂಲ 14. ಆದುದರಿಂದ ರಾಶಿ 18, ಹಿಂಡಿನ ವರ್ಗಮೂಲ 6, ಹಿಂಡು 36. ತಾಳೆ ನೋಡೋಣ: ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15, ಒಟ್ಟು 36. ಇನ್ನೊಂದು ಮೂಲವು ಋಣವಾದುದರಿಂದ ಒಂಟೆಗಳ ವಿಷಯದಲ್ಲಿ ಅದಕ್ಕೆ ಅರ್ಥವಿಲ್ಲ. ಹತ್ತನೆಯ ತರಗತಿಯ ವರ್ಗಸಮೀಕರಣವು ಇದಕ್ಕಿಂತ ಬೇರೆಯಲ್ಲ.

ಎರಡನೆಯ ಲೆಕ್ಕವು ಇನ್ನೂ ಸೊಗಸಾದುದು. ಮೂವರು ವರ್ತಕರು ದಾರಿಯಲ್ಲಿ ಬಿದ್ದಿದ್ದ ಒಂದು ಹಣದ ಗಂಟನ್ನು ಕಂಡರು. ಮೊದಲನೆಯವನು, ‘ಈ ಗಂಟು ನನ್ನದಾದರೆ ನಾನು ನಿಮ್ಮಿಬ್ಬರ ಹಣದ ಎರಡರಷ್ಟುಳ್ಳವನಾಗುವೆನು’ ಎಂದನು. ಎರಡನೆಯವನು ಗಂಟು ತನಗಾದರೆ ಮಿಕ್ಕಿಬ್ಬರ ಮೂರರಷ್ಟುಳ್ಳವನಾಗುವನೆಂದೂ, ಮೂರನೆಯವನು ಐದರಷ್ಟುಳ್ಳವನಾಗುವನೆಂದೂ ಹೇಳಿದರು. ಗಂಟಿನಲ್ಲಿ ಎಷ್ಟು, ಒಬ್ಬೊಬ್ಬರ ಕೈಯಲ್ಲಿ ಎಷ್ಟು?

ನಾಲ್ಕು ಅವ್ಯಕ್ತಗಳು, ಮೂರೇ ಮಾತುಗಳು. ಕುರುಡಾಗಿ ಹೊರಟರೆ ಕಾಗದವೆಲ್ಲ ತುಂಬುವುದು. ಆದರೆ ಗಂಟನ್ನೂ ಮೂವರ ಹಣವನ್ನೂ ಕೂಡಿಸಿ ಒಂದು ಮೊತ್ತವೆಂದು ಭಾವಿಸಿದರೆ ದಾರಿ ತಾನಾಗಿ ತೆರೆಯುವುದು. ಮೊದಲನೆಯವನ ಹಣವೂ ಗಂಟೂ ಸೇರಿ ಮಿಕ್ಕಿಬ್ಬರ ಎರಡರಷ್ಟಾದರೆ, ಇಡೀ ಮೊತ್ತವು ಆ ಇಬ್ಬರ ಹಣದ ಮೂರರಷ್ಟು. ಎಂದರೆ ಎರಡನೆಯವನೂ ಮೂರನೆಯವನೂ ಸೇರಿ ಮೊತ್ತದ ಮೂರನೆಯ ಒಂದು ಭಾಗ. ಹಾಗೆಯೇ ಮೂರನೆಯವನೂ ಮೊದಲನೆಯವನೂ ಸೇರಿ ನಾಲ್ಕನೆಯ ಒಂದು ಭಾಗ. ಮೊದಲಿಬ್ಬರು ಸೇರಿ ಆರನೆಯ ಒಂದು ಭಾಗ. ಮೊತ್ತವನ್ನು 24 ಎಂದು ಹಿಡಿದರೆ ಈ ಜೋಡಿಗಳು 8, 6, 4. ಇವುಗಳನ್ನು ಕೂಡಿಸಿದರೆ 18. ಪ್ರತಿಯೊಬ್ಬನೂ ಎರಡು ಸಲ ಎಣಿಕೆಯಾಗಿರುವುದರಿಂದ ಮೂವರ ಹಣ 9. ಆದುದರಿಂದ ಮೊದಲನೆಯವನಲ್ಲಿ 1, ಎರಡನೆಯವನಲ್ಲಿ 3, ಮೂರನೆಯವನಲ್ಲಿ 5, ಗಂಟಿನಲ್ಲಿ 15. ಇವುಗಳನ್ನು ಒಂದೇ ಸಂಖ್ಯೆಯಿಂದ ಗುಣಿಸಿದರೂ ಉತ್ತರವು ಸರಿಯಾಗಿಯೇ ಇರುವುದು; ಏಕೆಂದರೆ ಮೂರು ಮಾತುಗಳು ನಾಲ್ಕು ರಾಶಿಗಳ ಪರಸ್ಪರ ಪ್ರಮಾಣವನ್ನು ಮಾತ್ರ ಗೊತ್ತುಮಾಡಬಲ್ಲುವು. ಒಂದು ಸಾಲು ಯೋಚನೆಯು ಒಂದು ಪುಟದ ಗುಣಾಕಾರವನ್ನು ಉಳಿಸುವುದೆಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಇಷ್ಟರ ವರೆಗೆ ನಮ್ಮ ಹೊಗಳಿಕೆಗೆ ಧಕ್ಕೆಯೇನೂ ಬರಲಿಲ್ಲ. ಆದರೆ ಕ್ಷೇತ್ರಗಣಿತಕ್ಕೆ ಬಂದಾಗ ನಾವು ಸ್ವಲ್ಪ ನಿಂತು ನೋಡಬೇಕಾಗಿದೆ. ವೃತ್ತದ ಪರಿಧಿಗೆ ಆಚಾರ್ಯನು ಎರಡು ಬಗೆಯ ಲೆಕ್ಕವನ್ನು ಕೊಡುತ್ತಾನೆ: ವ್ಯವಹಾರಕ್ಕೆ ಸಾಕಾಗುವ ಸ್ಥೂಲಗಣಿತದಲ್ಲಿ ವ್ಯಾಸದ ಮೂರರಷ್ಟು, ಸೂಕ್ಷ್ಮಗಣಿತದಲ್ಲಿ ಹತ್ತರ ವರ್ಗಮೂಲದಷ್ಟು. ವ್ಯಾಸವು 100 ಆದರೆ ಮೊದಲನೆಯದರಿಂದ 300, ಎರಡನೆಯದರಿಂದ ಸುಮಾರು 316.2, ನಿಜವಾದ ಬೆಲೆ ಸುಮಾರು 314.2. ಈ ವ್ಯತ್ಯಾಸವು ಅಲ್ಪವಾದುದು. ಅದಕ್ಕಾಗಿ ಯಾರೂ ಆಕ್ಷೇಪಿಸಬೇಕಾಗಿಲ್ಲ.

ತೊಡಕಿರುವುದು ‘ಆಯತವೃತ್ತ’ದಲ್ಲಿ; ಎಂದರೆ ನಾವು ಈಗ ದೀರ್ಘವೃತ್ತವೆನ್ನುವ, ಮೊಟ್ಟೆಯಂತೆ ಉದ್ದವಾದ ಆಕೃತಿಯಲ್ಲಿ. ಅಗಲದ ವರ್ಗವನ್ನು ಆರರಿಂದ ಗುಣಿಸಿ, ಉದ್ದದ ಎರಡರಷ್ಟರ ವರ್ಗವನ್ನು ಕೂಡಿಸಿ, ಮೂಲವನ್ನು ತೆಗೆದರೆ ಪರಿಧಿ. ಅದನ್ನು ಅಗಲದ ಕಾಲುಭಾಗದಿಂದ ಗುಣಿಸಿದರೆ ಸೂಕ್ಷ್ಮವಾದ ಕ್ಷೇತ್ರಫಲ ಎಂಬುದು ಅವನ ನಿಯಮ. ಉದ್ದ 36, ಅಗಲ 12 ಆದಾಗ ಪರಿಧಿಯು ಸುಮಾರು 77.8 ಎಂದು ಬರುವುದು. ನಿಜವಾದುದು ಸುಮಾರು 80.2. ಇಂಥ ಪರಿಧಿಗೆ ಇಂದಿಗೂ ಸುಲಭವಾದ ನಿಖರಸೂತ್ರವಿಲ್ಲವಾದುದರಿಂದ ಇಷ್ಟು ಹತ್ತಿರ ಬಂದುದು ಮೆಚ್ಚತಕ್ಕ ಸಂಗತಿಯೇ. ಆದರೆ ಕ್ಷೇತ್ರಫಲವು ಅವನ ನಿಯಮದಿಂದ ಸುಮಾರು 233 ಆಗುತ್ತದೆ. ಇದು ಸರಿಯೆ?

ಪರೀಕ್ಷಿಸಲು ದೊಡ್ಡ ಗಣಿತವೇನೂ ಬೇಕಾಗಿಲ್ಲ. 36 ವ್ಯಾಸದ ಒಂದು ವೃತ್ತವನ್ನು ಬರೆಯಿರಿ. ಅದರ ಮೇಲಿಂದ ಕೆಳಕ್ಕೆ ಒತ್ತಾಗಿ ಗೆರೆಗಳನ್ನು ಎಳೆದು, ಪ್ರತಿಯೊಂದು ಗೆರೆಯನ್ನೂ ಮೂರನೆಯ ಒಂದು ಭಾಗಕ್ಕೆ ಕುಗ್ಗಿಸಿರಿ. ಆಗ ಉಳಿಯುವುದು 36 ಉದ್ದ, 12 ಅಗಲದ ನಮ್ಮ ಆಯತವೃತ್ತವೇ. ಎಲ್ಲ ಗೆರೆಗಳೂ ಮೂರನೆಯ ಒಂದು ಭಾಗವಾದುವೆಂದ ಮೇಲೆ ಕ್ಷೇತ್ರಫಲವೂ ಮೂರನೆಯ ಒಂದು ಭಾಗವಾಗಲೇಬೇಕು. ಆಚಾರ್ಯನ ಹತ್ತರ ಮೂಲವನ್ನೇ ಉಪಯೋಗಿಸಿದರೂ ಆ ವೃತ್ತದ ಫಲವು ಸುಮಾರು 1025. ಅದರ ಮೂರನೆಯ ಒಂದು ಭಾಗ 341 ಚಿಲ್ಲರೆ. ಇಂದಿನ ಬೆಲೆಯಿಂದ ಸುಮಾರು 339. ಆಯತವೃತ್ತದ ನಾಲ್ಕು ತುದಿಗಳನ್ನು ಸೇರಿಸಿ ಎಳೆದ ವಜ್ರಾಕೃತಿಯೊಂದೇ 216 ಇರುವಾಗ, ಅದರ ಹೊರಗೆ ಉಬ್ಬಿರುವ ನಾಲ್ಕು ಭಾಗಗಳನ್ನೂ ಸೇರಿಸಿ 233 ಎಂದರೆ ಕಣ್ಣೇ ಒಪ್ಪುವುದಿಲ್ಲ. ತಪ್ಪು ಹೇಗೆ ಬಂದಿತೆಂಬುದನ್ನೂ ಊಹಿಸಬಹುದು. ವೃತ್ತದಲ್ಲಿ ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಫಲವು ಸರಿಯಾಗಿ ಬರುವುದು. ಆ ನಿಯಮವನ್ನೇ ಅದರ ಕಾರಣವನ್ನು ವಿಚಾರಿಸದೆ ಬೇರೆಯ ಆಕೃತಿಗೆ ಹೊಂದಿಸಿದುದರಿಂದ ಹೀಗಾಗಿರಬೇಕು.

ಇನ್ನೊಂದು ತಪ್ಪು ಪ್ರಸಿದ್ಧವಾದುದು. ಯಾವುದಾದರೂ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಇರುವುದೆಂದು ಅವನು ಹೇಳುತ್ತಾನೆ. 12ನ್ನು ಸೊನ್ನೆಯಿಂದ ಭಾಗಿಸಿ 12 ಬಂದರೆ, 12ನ್ನು ಸೊನ್ನೆಯಿಂದ ಗುಣಿಸಿದಾಗ 12 ಬರಬೇಕು. ಆದರೆ ಸೊನ್ನೆಯಿಂದ ಗುಣಿಸಿದ ಸಂಖ್ಯೆಯು ಸೊನ್ನೆಯೇ ಎಂದು ಅದೇ ಶ್ಲೋಕವು ಹೇಳುತ್ತದೆ! ಆಚಾರ್ಯನನ್ನು ತಿದ್ದಲು ಆಚಾರ್ಯನ ಮಾತೇ ಸಾಕು. ಆದರೆ ಅದೇ ಆಚಾರ್ಯನು ಋಣಸಂಖ್ಯೆಯು ಸ್ವಭಾವದಿಂದ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದನು. ಅವನು ಬಲ್ಲ ಸಂಖ್ಯೆಗಳ ಮಟ್ಟಿಗೆ ಅದು ಸಂಪೂರ್ಣವಾಗಿ ಸತ್ಯವಾದುದು. ಸರಿಯೂ ತಪ್ಪೂ ಒಂದೇ ಕೈಯಿಂದ ಬಂದಿರುವುವು. ಬಿಡಿಸಿ ನೋಡದವನಿಗೆ ಎರಡೂ ಒಂದೇ.

ಇನ್ನು ಸಂಭವನೀಯತೆಯ ಮಾತು. ಮಿಶ್ರಕ ಅಧ್ಯಾಯದಲ್ಲಿ ವಿಕಲ್ಪಗಳನ್ನು ಎಣಿಸುವ ನಿಯಮವಿದೆ. ಕೆಲವು ವಸ್ತುಗಳಿಂದ ಇಷ್ಟಿಷ್ಟನ್ನು ಆರಿಸುವ ಬಗೆಗಳೆಷ್ಟೆಂದು ತಿಳಿಯಲು, ಆ ಸಂಖ್ಯೆಯಿಂದ ಒಂದೊಂದು ಕಡಮೆಯಾಗಿ ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಒಂದರಿಂದ ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸತಕ್ಕದ್ದು. ಇಂದಿನ ಪುಸ್ತಕಗಳಲ್ಲಿರುವುದೂ ಇದೇ. ಉದಾಹರಣೆಗೆ ಅವನು ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿಗಳೆಂಬ ಆರು ರಸಗಳನ್ನು ತೆಗೆದುಕೊಂಡಿದ್ದಾನೆ. ಒಂದೊಂದಾಗಿ 6, ಎರಡೆರಡಾಗಿ 15, ಮೂರುಮೂರಾಗಿ 20, ನಾಲ್ಕುನಾಲ್ಕಾಗಿ 15, ಐದೈದಾಗಿ 6, ಆರೂ ಸೇರಿ 1, ಒಟ್ಟು 63. ಬೇರೊಂದು ದಾರಿಯಿಂದಲೂ ಇದನ್ನು ತಾಳೆ ನೋಡಬಹುದು. ಪ್ರತಿಯೊಂದು ರಸವನ್ನೂ ಹಾಕಬಹುದು, ಇಲ್ಲವೆ ಬಿಡಬಹುದು. ಆರು ಸಲ ಇಮ್ಮಡಿಸಿದರೆ 64. ಏನನ್ನೂ ಹಾಕದ ಒಂದನ್ನು ಕಳೆದರೆ 63.

ಈ ಎಣಿಕೆಯನ್ನು ಕಂಡೇ ಕೆಲವರು ಸಂಭವನೀಯತೆಯ ಗಣಿತವು ಇಲ್ಲಿ ಇದ್ದಿತೆಂದು ಹೇಳುವುದು. ಆದರೆ ಬಗೆಗಳನ್ನು ಎಣಿಸುವುದು ಬೇರೆ, ಸಂಭವವನ್ನು ಅಳೆಯುವುದು ಬೇರೆ. ಮೂರು ದಾಳಗಳನ್ನು ಎಸೆದಾಗ 9 ಬೀಳುವ ಬಗೆಗಳು ಆರು; 10 ಬೀಳುವ ಬಗೆಗಳೂ ಆರು. ಆದರೂ 10 ಹೆಚ್ಚು ಸಲ ಬೀಳುವುದೇಕೆಂಬ ಪ್ರಶ್ನೆಗೆ ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಇಟಲಿಯ ಗೆಲಿಲಿಯೋ ಉತ್ತರ ಕೊಟ್ಟನು. ಮೂರು ದಾಳಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಎಣಿಸಿದರೆ, ಸಮಾನವಾದ 216 ಬೀಳುವಿಕೆಗಳಲ್ಲಿ 9ಕ್ಕೆ 25, 10ಕ್ಕೆ 27. ಮೂರು ಮೂರುಗಳು ಒಂದೇ ವಿಧದಿಂದ ಬೀಳುವುವು. ಆದರೆ ಎರಡು, ಮೂರು, ನಾಲ್ಕು ಆರು ವಿಧಗಳಿಂದ ಬೀಳಬಲ್ಲುವು. ‘ಸಮಾನವಾಗಿ ಸಂಭವಿಸತಕ್ಕವು ಯಾವುವು?’ ಎಂಬ ಈ ಪ್ರಶ್ನೆಯನ್ನು ರಸಗಳ ಲೆಕ್ಕವು ಕೇಳುವುದಿಲ್ಲ. ಕೇಳಬೇಕಾದ ಅವಶ್ಯವೂ ಅದಕ್ಕಿಲ್ಲ.

ಹಾಗಾದರೆ ಆಚಾರ್ಯನು ಪಣದ ವಿಚಾರವನ್ನು ಎತ್ತಲೇ ಇಲ್ಲವೆ? ಎತ್ತಿದ್ದಾನೆ; ಅದೂ ಬಹು ಕೌತುಕಕರವಾದ ರೀತಿಯಲ್ಲಿ. ಒಂದು ಕಡೆ ಕೋಳಿಯ ಅಂಕ ನಡೆದಿತ್ತು. ಮಂತ್ರೌಷಧಿಗಳನ್ನು ಬಲ್ಲವನೊಬ್ಬನು ಎರಡು ಹುಂಜಗಳ ಒಡೆಯರನ್ನೂ ಬೇರೆ ಬೇರೆಯಾಗಿ ಕಂಡು ಗುಟ್ಟಾಗಿ ಮಾತನಾಡಿದನು. ಮೊದಲನೆಯವನಿಗೆ, ‘ನಿನ್ನ ಹುಂಜ ಗೆದ್ದರೆ ನಿನ್ನ ಪಣವನ್ನು ನನಗೆ ಕೊಡು, ಸೋತರೆ ಅದರ ಮೂರರಲ್ಲಿ ಎರಡು ಭಾಗವನ್ನು ನಾನು ಕೊಡುವೆನು’ ಎಂದನು. ಎರಡನೆಯವನಿಗೂ ಹಾಗೆಯೇ ಹೇಳಿ, ಸೋತರೆ ಮುಕ್ಕಾಲು ಭಾಗವನ್ನು ಕೊಡುವೆನೆಂದನು. ಯಾವ ಹುಂಜ ಗೆದ್ದರೂ ಅವನಿಗೆ 12 ಹೊನ್ನು ಲಾಭ. ಪಣಗಳು ಎಷ್ಟೆಷ್ಟು?

ಮೊದಲನೆಯ ಹುಂಜ ಗೆದ್ದರೆ, ಮೊದಲನೆಯ ಪಣದಿಂದ ಎರಡನೆಯದರ ಮುಕ್ಕಾಲನ್ನು ಕಳೆದು 12. ಎರಡನೆಯದು ಗೆದ್ದರೆ, ಎರಡನೆಯ ಪಣದಿಂದ ಮೊದಲನೆಯದರ ಮೂರರಲ್ಲಿ ಎರಡನ್ನು ಕಳೆದು 12. ಮೊದಲನೆಯ ಪಣವು 12ಕ್ಕೆ ಎರಡನೆಯದರ ಮುಕ್ಕಾಲನ್ನು ಕೂಡಿಸಿದಷ್ಟಾದುದರಿಂದ, ಅದರ ಮೂರರಲ್ಲಿ ಎರಡೆಂದರೆ 8ಕ್ಕೆ ಎರಡನೆಯದರ ಅರ್ಧವನ್ನು ಕೂಡಿಸಿದಷ್ಟು. ಇದನ್ನು ಕಳೆದರೆ, ಎರಡನೆಯದರ ಅರ್ಧದಲ್ಲಿ 8 ಕಡಮೆಯಾದುದು 12. ಆದುದರಿಂದ ಎರಡನೆಯ ಪಣ 40, ಮೊದಲನೆಯದು 42. ತಾಳೆ: 42ರಲ್ಲಿ 30 ಹೋದರೆ 12, 40ರಲ್ಲಿ 28 ಹೋದರೆ 12.

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಯಾವ ಹುಂಜ ಬಲಿಷ್ಠವೆಂದು ಆ ಮಾಂತ್ರಿಕನು ಕೇಳುವುದೇ ಇಲ್ಲ. ಅವನ ನಿಜವಾದ ಮಂತ್ರವು ಸಮೀಕರಣವೇ. ಅದರಿಂದ ಅವನು ಸಂಭವವನ್ನು ಲೆಕ್ಕದ ಹೊರಕ್ಕೆ ಹಾಕಿಬಿಟ್ಟನು. ಈಗ ನಾವು ಇಂದಿನ ಕಣ್ಣಿನಿಂದ ಅದನ್ನೇ ನೋಡೋಣ. ಮೊದಲನೆಯ ಒಡೆಯನು ಗೆದ್ದರೆ 42 ಕೊಡುವನು, ಸೋತರೆ 28 ಪಡೆಯುವನು. ತನ್ನ ಹುಂಜವು ಐದಕ್ಕೆ ಎರಡು ಸಲ ಗೆಲ್ಲುವಂಥದಾದರೆ ಈ ಒಪ್ಪಂದವು ಸರಿಸಮ. ಎರಡನೆಯವನು ಗೆದ್ದರೆ 40 ಕೊಡುವನು, ಸೋತರೆ 30 ಪಡೆಯುವನು. ಅವನದು ಏಳಕ್ಕೆ ಮೂರು ಸಲ ಗೆಲ್ಲುವಂಥದಾದರೆ ಸರಿಸಮ. ಎರಡು ಭಿನ್ನರಾಶಿಗಳನ್ನೂ ಕೂಡಿಸಿದರೆ 35ರಲ್ಲಿ 29. ಆದರೆ ಒಂದು ಹುಂಜ ಗೆಲ್ಲಲೇಬೇಕಾದುದರಿಂದ ನಿಜವಾದ ಸಂಭವಗಳ ಮೊತ್ತವು ಪೂರ್ಣವಾಗಿ ಒಂದಾಗಿರಬೇಕು. ಕಡಮೆಯಾದ ಆ 6 ಭಾಗಗಳೇ ಮಾಂತ್ರಿಕನ ಲಾಭದ ಗುಟ್ಟು. ಮೊದಲನೆಯದು ನಿಜವಾಗಿ ಐದಕ್ಕೆ ಎರಡು ಸಲ ಗೆಲ್ಲುವುದಾದರೆ ಎರಡನೆಯದು ಐದಕ್ಕೆ ಮೂರು ಸಲ ಗೆಲ್ಲುವುದು. ಆಗ ಎರಡನೆಯವನು ಸರಾಸರಿಯಲ್ಲಿ 24 ಕೊಟ್ಟು 12 ಪಡೆದು, ಆ 12 ಹೊನ್ನನ್ನೂ ತಾನೊಬ್ಬನೇ ತೆರುವನು. ಇಬ್ಬರೂ ತಮ್ಮ ತಮ್ಮ ಸೋಲಿಗೆ ಹೆದರಿದರೆ ಮಾತ್ರ ಇಬ್ಬರೂ ಒಪ್ಪುವರು. ಹೆದರಿಕೆಯ ಮೇಲೆ ನಡೆಯುವ ವ್ಯಾಪಾರವು ಇಂದಿಗೂ ಹೀಗೆಯೇ.

ಆಚಾರ್ಯನು ಬಾಗಿಲವರೆಗೆ ಬಂದಿದ್ದನು, ಒಳಕ್ಕೆ ಕಾಲಿಡಲಿಲ್ಲ. ಆ ಬಾಗಿಲು ತೆರೆದುದು 1654ರಲ್ಲಿ, ಫ್ರಾನ್ಸಿನ ಪ್ಯಾಸ್ಕಲ್, ಫರ್ಮಾ ಎಂಬಿಬ್ಬರ ಪತ್ರವ್ಯವಹಾರದಲ್ಲಿ. ಇಬ್ಬರು ತಲಾ 32 ಹೊನ್ನನ್ನು ಪಣವಿಟ್ಟು, ಮೊದಲು ಮೂರು ಆಟಗಳನ್ನು ಗೆದ್ದವನಿಗೆ ಎಲ್ಲವೂ ಎಂದು ಆಡುತ್ತಿರುವರು. ಒಬ್ಬನು ಎರಡು, ಇನ್ನೊಬ್ಬನು ಒಂದು ಗೆದ್ದಾಗ ಆಟವು ನಿಂತುಹೋದರೆ ಹಣವನ್ನು ಹೇಗೆ ಹಂಚಬೇಕು? ಪ್ಯಾಸ್ಕಲನ ಉತ್ತರವು ಇದು: ಇನ್ನೊಂದು ಆಟವಾಡಿದ್ದರೆ, ಮುಂದಿರುವವನು ಗೆದ್ದರೆ 64ನ್ನೂ ಪಡೆಯುವನು, ಸೋತರೆ ಸಮಸಮವಾಗಿ 32ನ್ನು ಪಡೆಯುವನು. 32 ಹೇಗೂ ಅವನದೇ. ಉಳಿದ 32ರ ವಿಷಯದಲ್ಲಿ ಇಬ್ಬರಿಗೂ ಸಮಾನವಾದ ಅವಕಾಶವಿರುವುದರಿಂದ ಅದನ್ನು ಅರ್ಧ ಮಾಡಿ, ಒಬ್ಬನಿಗೆ 48, ಇನ್ನೊಬ್ಬನಿಗೆ 16. ಮಾಂತ್ರಿಕನು ಸಂಭವವನ್ನು ಹೊರಕ್ಕೆ ಹಾಕಿದನು. ಪ್ಯಾಸ್ಕಲನು ಅದಕ್ಕೆ ಬೆಲೆ ಕಟ್ಟಿದನು. ಹೆಚ್ಚು ಆಟಗಳು ಉಳಿದಿರುವಾಗ ಹಂಚಿಕೆಗೆ ಬೇಕಾಗುವುದು ವಿಕಲ್ಪಗಳ ಎಣಿಕೆಯೇ. ಮಹಾವೀರನ ರಸಗಳನ್ನು ಎಣಿಸಿದ ನಿಯಮವೇ ಅಲ್ಲಿಯೂ ಕೆಲಸ ಮಾಡುವುದು.

ಹೀಗೆ ನೋಡಿದಾಗ ಮಹಾವೀರಾಚಾರ್ಯನು ಕುಗ್ಗಿದನೆಂದು ಯಾರಾದರೂ ವ್ಯಸನಪಡಬಹುದು. ಅಂಥವರಿಗೆ ನಳೋಪಾಖ್ಯಾನದ ಒಂದು ಸಂದರ್ಭವನ್ನು ಜ್ಞಾಪಿಸಬೇಕೆನ್ನಿಸುತ್ತದೆ. ಋತುಪರ್ಣನು ರಥದಲ್ಲಿ ಹೋಗುತ್ತಿರುವಾಗ ತಾರೆಯ ಮರವೊಂದನ್ನು ಕಂಡು, ಅದರ ಎಲೆಗಳೂ ಕಾಯಿಗಳೂ ಇಷ್ಟೆಂದು ಹೇಳಿದನು. ಬಾಹುಕನಾಗಿದ್ದ ನಳನು ಆ ಮಾತನ್ನು ಹಾಗೆಯೇ ನಂಬಲಿಲ್ಲ. ಅರಸನು ಅವಸರಪಡಿಸಿದರೂ ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಎಣಿಸಿ ನೋಡಿದನು. ಎಣಿಕೆಯು ತಾಳೆಯಾದ ಮೇಲೆಯೇ ಆ ವಿದ್ಯೆಯನ್ನು ತನಗೆ ಕಲಿಸಬೇಕೆಂದು ಕೇಳಿದನು. ದಾಳದ ಮರ್ಮವನ್ನು ಅರಿತನು. ಕಲಿಯು ಅವನನ್ನು ಬಿಟ್ಟುಹೋದನು. ಋತುಪರ್ಣನು ಇದನ್ನು ಅವಮಾನವೆಂದು ಎಣಿಸಲಿಲ್ಲ.

ನಮ್ಮ ಹಿರಿಯರ ಗಣಿತಕ್ಕೆ ಸಲ್ಲತಕ್ಕ ಗೌರವವೂ ಇದೇ. 36 ಒಂಟೆಗಳನ್ನು ಎಣಿಸಿದವನಿಗೆ ಆಚಾರ್ಯನ ಚಾತುರ್ಯವು ತಿಳಿಯುವುದು. ಆಯತವೃತ್ತವನ್ನು ಬರೆದು ನೋಡಿದವನಿಗೆ ಅವನ ತಪ್ಪು ತಿಳಿಯುವುದು. ಕೋಳಿಯ ಅಂಕವನ್ನು ಬಿಡಿಸಿದವನಿಗೆ ಅವನು ಎಲ್ಲಿಯ ವರೆಗೆ ನಡೆದು ಬಂದನೆಂಬುದು ತಿಳಿಯುವುದು. ಕೇವಲ ಹೊಗಳಿದವನಿಗೆ ಇವುಗಳಲ್ಲಿ ಒಂದೂ ತಿಳಿಯದು. ಈ ತಿಂಗಳಲ್ಲಿ ಒಂದು ಸಂಜೆಯಾದರೂ ವಾಚಕರು ಮನೆಯ ಮಕ್ಕಳನ್ನು ಕೂರಿಸಿಕೊಂಡು ಆ ಮೂವರು ವರ್ತಕರ ಗಂಟನ್ನು ಬಿಚ್ಚುವುದಾದರೆ, ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಯೊಂದಕ್ಕೆ ಮತ್ತೊಮ್ಮೆ ಉತ್ತರ ಕೊಟ್ಟಂತಾಗುವುದು.